ಹೆಸರು ಹೋಯಿತು, ನಂಬರು ಉಳಿಯಿತು: ಒಂದು ಲಿನಕ್ಸ್ ಸರ್ವರ್‌ನಿಂದ ಹಳೆಯ ಖಾತೆಗಳನ್ನು ತೆಗೆದ ಪ್ರಕರಣ

ಇದು ಡೇಟಾ ವಿಶ್ಲೇಷಣೆ ಮಾಡುವ ಒಂದು ಸಣ್ಣ ತಂಡದ ಪ್ರಕರಣ. ಎಲ್ಲರೂ ಸೇರಿ ಬಳಸುವ ಒಂದೇ ಸರ್ವರ್, ಅದರಲ್ಲಿ ಡೆಬಿಯನ್ ಕುಟುಂಬದ ಲಿನಕ್ಸ್. ತಂಡ ಯಾವುದು, ಖಾತೆಗಳು ಯಾರವು ಎಂಬುದನ್ನು ಇಲ್ಲಿ ಹೇಳಿಲ್ಲ. ಯುಐಡಿ, ಅಂದರೆ ಪ್ರತಿ ಖಾತೆಯ ಗುರುತಿನ ನಂಬರುಗಳನ್ನೂ ಡಿಸ್ಕ್ ಗಾತ್ರಗಳನ್ನೂ ಬದಲಿಸಿದ್ದೇನೆ. ಘಟನೆಗಳ ಕ್ರಮ ಮತ್ತು ಪ್ರತಿ ಹಂತದಲ್ಲಿ ತೆಗೆದುಕೊಂಡ ತೀರ್ಮಾನಗಳು ಮಾತ್ರ ಇದ್ದ ಹಾಗೆಯೇ ಇವೆ. ಸರ್ವರ್ ನೋಡಿಕೊಳ್ಳುವ ನಿರ್ವಾಹಕಿಯ ಜೊತೆ ನಾನೂ ಈ ಕೆಲಸದಲ್ಲಿದ್ದೆ.

ಹಿನ್ನೆಲೆ

ಡಿಸ್ಕ್ ತುಂಬುತ್ತಾ ಬಂದಿತ್ತು. ತಂಡ ಬಿಟ್ಟುಹೋದ ನಾಲ್ವರ ಖಾತೆಗಳು ಹಾಗೇ ಇದ್ದವು, ಅವರ ಹೋಮ್ ಫೋಲ್ಡರ್‌ಗಳೂ ಇದ್ದವು. ಅವನ್ನು ತೆಗೆದರೆ ಜಾಗವೂ ಆಗುತ್ತದೆ, ಬೇಡದ ಲಾಗಿನ್‌ಗಳೂ ಹೋಗುತ್ತವೆ ಎಂಬುದು ಮೂಲ ಯೋಜನೆ. ಖಾತೆಗೆ ಒಂದರಂತೆ ನಾಲ್ಕು ಕಮಾಂಡ್ ಕೊಟ್ಟು ಒಂದು ಸಂಜೆಯಲ್ಲಿ ಮುಗಿಸಬಹುದು ಎಂದೇ ಎಲ್ಲರೂ ಅಂದುಕೊಂಡಿದ್ದರು.

ಅದಕ್ಕೂ ಮೊದಲು, ಅವರವರ ಬೇಡದ ಫೈಲ್‌ಗಳನ್ನು ಅವರೇ ತೆಗೆಯಲಿ ಎಂದು ನಿರ್ವಾಹಕಿ ಎಲ್ಲರಿಗೂ ಸಂದೇಶ ಕಳಿಸಿದ್ದರು. ಹೊಸದಾಗಿ ಸೇರಿದ್ದ ಒಬ್ಬರು ತಮ್ಮ ಹೆಸರಲ್ಲಿರುವ ಫೈಲ್‌ಗಳನ್ನು ಇಡೀ ಸರ್ವರ್‌ನಲ್ಲಿ ಫೈಂಡ್ ಕಮಾಂಡಿನಿಂದ ಹುಡುಕಿದರು. ಪಟ್ಟಿಯಲ್ಲಿ ತಾವು ಎಂದೂ ನೋಡದ ಒಂದು ಹೋಮ್ ಫೋಲ್ಡರ್ ಕಾಣಿಸಿತು. ಅದರಲ್ಲಿದ್ದ ಫೈಲ್‌ಗಳ ತಾರೀಕು ಅವರು ತಂಡಕ್ಕೆ ಸೇರುವುದಕ್ಕಿಂತ ಎಷ್ಟೋ ಹಿಂದಿನದು.

"ಮೇಡಂ, ಈ ಫೋಲ್ಡರ್ ನಂದಲ್ಲ. ಆದ್ರೆ ಓನರ್ ಅಂತ ನನ್ನ ಹೆಸರೇ ತೋರಿಸ್ತಿದೆ. ಡಿಲೀಟ್ ಮಾಡ್ಲಾ?" ಎಂದು ಕೇಳಿದರು.

"ಬೇಡ, ಅದರಲ್ಲಿ ಏನನ್ನೂ ಮುಟ್ಟಬೇಡಿ. ಮೊದಲು ನಾನು ನೋಡ್ತೀನಿ" ಎಂದರು ನಿರ್ವಾಹಕಿ.

ಈ ಪ್ರಕರಣದಲ್ಲಿ ನಡೆದ ಅತಿ ಒಳ್ಳೆಯ ಕೆಲಸ ಆ ಪ್ರಶ್ನೆ ಎಂದು ನಾನು ಈಗಲೂ ನಂಬುತ್ತೇನೆ. ಕೇಳದೆ ಅಳಿಸಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಅನುಮತಿಗಳ ಪ್ರಕಾರ ಅವರಿಗೆ ಆ ಹಕ್ಕೂ ಇತ್ತು.

ಏನಾಗಿತ್ತು

ಲಿನಕ್ಸ್‌ನಲ್ಲಿ ಫೈಲಿನ ಮೇಲೆ ಮಾಲೀಕನ ಹೆಸರು ಬರೆದಿರುವುದಿಲ್ಲ, ನಂಬರು ಮಾತ್ರ ಇರುತ್ತದೆ. ಆ ನಂಬರು ಯಾರದು ಎಂಬುದನ್ನು ಎಟ್ಸಿ ಫೋಲ್ಡರ್‌ನ ಪಾಸ್‌ವರ್ಡ್ ಫೈಲ್ ನೋಡಿ ಎಲ್‌ಎಸ್‌ನಂಥ ಕಮಾಂಡ್‌ಗಳು ಹೆಸರಾಗಿ ತೋರಿಸುತ್ತವೆ. ಹಿಂದೊಮ್ಮೆ ಯಾರೋ 1004 ನಂಬರಿನ ಖಾತೆಯೊಂದನ್ನು ಡೆಲ್‌ಯೂಸರ್ ಕಮಾಂಡಿನಿಂದ ತೆಗೆದಿದ್ದರು. ಬೇರೆ ಆಯ್ಕೆ ಕೊಡದಿದ್ದರೆ ಡೆಲ್‌ಯೂಸರ್ ಹೋಮ್ ಫೋಲ್ಡರನ್ನು ಮುಟ್ಟುವುದಿಲ್ಲ. ಖಾತೆಯ ಸಾಲು ಹೋಯಿತು, ಫೋಲ್ಡರ್ ಉಳಿಯಿತು, ಅದರೊಳಗಿನ ಪ್ರತಿ ಫೈಲಿನ ಮೇಲೂ 1004 ಉಳಿಯಿತು.

ಆಮೇಲೆ ಹೊಸಬರಿಗೆ ಖಾತೆ ಮಾಡಿದಾಗ ಡೆಬಿಯನ್‌ನ ಆ್ಯಡ್‌ಯೂಸರ್ 1000ದಿಂದ ಶುರುಮಾಡಿ ಖಾಲಿ ಇರುವ ಮೊದಲ ನಂಬರನ್ನು ಕೊಟ್ಟಿತು. ಖಾಲಿ ಇದ್ದದ್ದು 1004. ಯೂಸರ್‌ಆ್ಯಡ್ ಕಮಾಂಡಿನ ರೀತಿ ಬೇರೆ: ಅದು ಇರುವ ನಂಬರುಗಳಲ್ಲೆಲ್ಲ ದೊಡ್ಡದರ ಮುಂದಿನದನ್ನು ಆರಿಸುತ್ತದೆ. ಹಾಗಾಗಿ ನಡುವಿನ ಖಾಲಿ ಜಾಗ ತುಂಬುವುದಿಲ್ಲ. ಆದರೆ ಅಳಿಸಿದ ಖಾತೆಯೇ ಕೊನೆಯದಾಗಿದ್ದರೆ ಅಲ್ಲೂ ಇದೇ ಗತಿ.

ಹೊಸಬರ ಪಾಲಿಗೆ ಬಂದಿದ್ದು ಬರೀ ಹಳೆಯ ಲೆಕ್ಕದ ಹಾಳೆಗಳಲ್ಲ. ಹಳಬರ ಎಸ್‌ಎಸ್‌ಎಚ್ ಖಾಸಗಿ ಕೀ, ಅಂದರೆ ದೂರದ ಯಂತ್ರಗಳಿಗೆ ಲಾಗಿನ್ ಆಗಲು ಬಳಸುವ ಗುಟ್ಟಿನ ಫೈಲ್, ಅದರೊಳಗಿತ್ತು. ಡೇಟಾಬೇಸ್ ಪಾಸ್‌ವರ್ಡ್ ಬರೆದಿಟ್ಟ ಒಂದು ಸೆಟ್ಟಿಂಗ್ ಫೈಲೂ ಇತ್ತು. ಎರಡಕ್ಕೂ 600 ಅನುಮತಿ, ಅಂದರೆ ಮಾಲೀಕರು ಮಾತ್ರ ಓದಬಹುದು. ಮಾಲೀಕರು ಯಾರು ಎಂಬುದೇ ಬದಲಾದ ಮೇಲೆ ಆ 600 ಯಾರನ್ನೂ ತಡೆಯುವುದಿಲ್ಲ. ಆ ಕೀಯನ್ನು ನಂಬುತ್ತಿದ್ದ ಕಡೆಗಳಿಂದೆಲ್ಲ ಅದನ್ನು ಅಂದೇ ತೆಗೆಸಿ, ಡೇಟಾಬೇಸ್ ಪಾಸ್‌ವರ್ಡ್ ಬದಲಿಸಲಾಯಿತು.

ಒಂದು ಸಂಜೆಯ ಯೋಜನೆ ಅಲ್ಲಿಗೆ ಮುಗಿಯಿತು. ಈಗ ಮುಂದೆ ಎರಡು ಕೆಲಸಗಳಿದ್ದವು: 1004ರ ಗೋಜಲು ಬಿಡಿಸುವುದು, ಮತ್ತು ಉಳಿದ ನಾಲ್ಕು ಖಾತೆಗಳನ್ನು ತೆಗೆಯುವಾಗ ಇನ್ನೊಂದು 1004 ಹುಟ್ಟದಂತೆ ನೋಡಿಕೊಳ್ಳುವುದು.

1004ನ್ನು ಬಿಡಿಸಿದ್ದು

ಯಾವ ಫೈಲ್ ಹಳಬರದು, ಯಾವುದು ಹೊಸಬರದು? ಹೋಮ್ ಫೋಲ್ಡರ್‌ಗಳು ಬೇರೆ ಬೇರೆ ಇದ್ದದ್ದರಿಂದ ಅಲ್ಲಿ ಗೊಂದಲವಿರಲಿಲ್ಲ. ಕಷ್ಟವಾದದ್ದು ತಂಡದ ಹಂಚಿಕೆಯ ಫೋಲ್ಡರ್‌ನಲ್ಲಿ. ಇಬ್ಬರ ಫೈಲ್‌ಗಳೂ ಅಲ್ಲಿ ಒಂದೇ ನಂಬರಿನಡಿ ಬೆರೆತಿದ್ದವು.

ಫೈಲನ್ನು ಕೊನೆಯ ಸಲ ತಿದ್ದಿದ ತಾರೀಕು ನೋಡೋಣ ಎಂದು ಒಬ್ಬರು ಸೂಚಿಸಿದರು. ಅದು ನಂಬುವಂಥದ್ದಲ್ಲ: ನಕಲು ಮಾಡುವಾಗ ಹಳೆಯ ತಾರೀಕನ್ನೇ ಉಳಿಸಿಕೊಳ್ಳಬಹುದು, ಟಚ್ ಕಮಾಂಡಿನಿಂದ ಬೇಕಾದ ತಾರೀಕು ಹಾಕಲೂಬಹುದು. ಆದರೆ ಫೈಲಿನ ವಿವರ ಬದಲಾದ ಸಮಯ, ಅಂದರೆ ಸಿಟೈಮ್, ಸಾಮಾನ್ಯ ಕಮಾಂಡ್‌ಗಳಿಂದ ಹಿಂದಕ್ಕೆ ಹೋಗುವುದಿಲ್ಲ. ಹೊಸಬರ ಖಾತೆ ಹುಟ್ಟುವ ಮೊದಲಿನ ಸಿಟೈಮ್ ಇರುವ ಫೈಲ್ ಅವರದಾಗಿರಲು ಸಾಧ್ಯವೇ ಇಲ್ಲ. ಈ ಒಂದು ಗೆರೆಯಿಂದಲೇ ಬಹುಪಾಲು ಫೈಲ್‌ಗಳು ಎರಡು ಗುಂಪಾದವು. ಮಿಕ್ಕ ಕೆಲವನ್ನು ಹೊಸಬರೇ ಕೂತು ಒಂದೊಂದಾಗಿ ನೋಡಿ ಹೇಳಿದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಮಾಲೀಕತ್ವ ಬದಲಿಸಿದ ಕ್ಷಣದಲ್ಲೇ ಸಿಟೈಮ್ ಕೂಡ ಈಗಿನ ಸಮಯಕ್ಕೆ ಬದಲಾಗುತ್ತದೆ. ಚೌನ್ ಕಮಾಂಡ್ ಒಮ್ಮೆ ಓಡಿತೆಂದರೆ ಸಾಕ್ಷಿ ಅಳಿಸಿಹೋಯಿತು. ಅದಕ್ಕೆ ನಿರ್ವಾಹಕಿ ಮೊದಲು 1004ರ ಎಲ್ಲ ಫೈಲ್‌ಗಳ ದಾರಿ, ಗಾತ್ರ ಮತ್ತು ಎಲ್ಲ ತಾರೀಕುಗಳನ್ನು ಒಂದು ಪಟ್ಟಿಗೆ ಬರೆಸಿ, ಆ ಪಟ್ಟಿಯನ್ನು ಬೇರೆ ಯಂತ್ರಕ್ಕೆ ಕಳಿಸಿದರು. ಆಮೇಲಷ್ಟೇ ಕೈ ಹಚ್ಚಿದರು.

ನಂಬರು ಯಾರಿಗೆ ಉಳಿಯಬೇಕು ಎಂಬ ಚರ್ಚೆಯೂ ಆಯಿತು. ಹಳೆಯ ಬ್ಯಾಕಪ್‌ಗಳಲ್ಲಿ 1004 ಎಂದರೆ ಹಳಬರು. ಅದನ್ನು ತಿದ್ದಲು ಬರುವುದಿಲ್ಲ. ಆದ್ದರಿಂದ ಹೊಸಬರಿಗೇ ಹೊಸ ನಂಬರು ಕೊಡುವುದು ಎಂದಾಯಿತು. ಅವರು ಪೂರ್ತಿ ಲಾಗೌಟ್ ಆದ ಮೇಲೆ ಯೂಸರ್‌ಮಾಡ್‌ನಿಂದ ನಂಬರು ಬದಲಿಸಲಾಯಿತು. ಅದು ಅವರ ಹೋಮ್ ಫೋಲ್ಡರ್‌ನ ಒಳಗಿನ ಫೈಲ್‌ಗಳನ್ನು ತಾನೇ ಬದಲಿಸುತ್ತದೆ, ಹೊರಗಿನವನ್ನು ನಾವೇ ಬದಲಿಸಬೇಕು. ಹೊರಗಿನವಕ್ಕೆ ಮೊದಲು ಮಾಡಿಟ್ಟ ಪಟ್ಟಿ ಇತ್ತಲ್ಲ, ಅದರಲ್ಲಿ ಹೊಸಬರದು ಎಂದು ಗುರುತು ಹಾಕಿದ ಫೈಲ್‌ಗಳನ್ನಷ್ಟೇ ಚೌನ್ ಮುಟ್ಟಿತು.

ಉಳಿದ ನಾಲ್ಕು: ಅಳಿಸುವ ಮೊದಲು ಬೀಗ

ನಾಲ್ಕರಲ್ಲಿ ಹೆಚ್ಚು ಕಲಿಸಿದ್ದು 1011 ನಂಬರಿನ ಖಾತೆ. ಅದರ ಕಥೆಯನ್ನಷ್ಟೇ ಹೇಳುತ್ತೇನೆ.

ಪ್ರವೇಶ ಮುಚ್ಚುವುದು ಬೇರೆ, ಡೇಟಾ ಅಳಿಸುವುದು ಬೇರೆ. ಎರಡನ್ನೂ ಒಂದೇ ದಿನ ಮಾಡಬಾರದು ಎಂದು ನಿರ್ವಾಹಕಿ ಮೊದಲೇ ನಿರ್ಧರಿಸಿದ್ದರು. ಬೀಗ ಹಾಕಿದ್ದನ್ನು ನಿಮಿಷದಲ್ಲಿ ತೆಗೆಯಬಹುದು, ಅಳಿಸಿದ್ದನ್ನು ವಾಪಸ್ ತರುವುದು ಅಷ್ಟು ಸುಲಭವಲ್ಲ.

ಪಾಸ್‌ವರ್ಡ್ ಲಾಕ್ ಮಾಡಿದರೆ ಬೀಗ ಬಿದ್ದಂತಲ್ಲ. ಆ ಆಜ್ಞೆ ಪಾಸ್‌ವರ್ಡ್‌ಗಳನ್ನು ಗುಪ್ತರೂಪದಲ್ಲಿಡುವ ಶ್ಯಾಡೋ ಫೈಲಿನಲ್ಲಿ ಆ ಗುಪ್ತರೂಪದ (ಹ್ಯಾಶ್) ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ ಸೇರಿಸುತ್ತದೆ, ಅಷ್ಟೇ. ಎಸ್‌ಎಸ್‌ಎಚ್ ಕೀ ಇಟ್ಟುಕೊಂಡವರು ಈ ಸರ್ವರ್‌ಗೆ ಎಂದಿನಂತೆ ಒಳಗೆ ಬರುತ್ತಾರೆ. ಅದಕ್ಕೇ ಯೂಸರ್‌ಮಾಡ್‌ನ ಕೈಪಿಡಿ ಖಾತೆಯ ಅವಧಿಯನ್ನೂ 1ಕ್ಕೆ ಇಡಿ ಎನ್ನುತ್ತದೆ. ದಿನಗಳ ಎಣಿಕೆ 1970ರ ಜನವರಿ 1ರಿಂದ ಶುರು, ಹಾಗಾಗಿ ಅದು 1970ರ ಜನವರಿ 2. ಹಾಗೆ ಮಾಡಿದಾಗ ಖಾತೆಯೇ ಅವಧಿ ಮುಗಿದದ್ದು ಎನಿಸಿಕೊಂಡು ಕೀ ಇದ್ದರೂ ಲಾಗಿನ್ ಆಗುವುದಿಲ್ಲ. ಇವೆರಡನ್ನೂ ಮಾಡಿ, ಲಾಗಿನ್ ಆದಾಗ ತೆರೆಯುವ ಶೆಲ್ಲನ್ನು ಯಾರನ್ನೂ ಒಳಬಿಡದ ನೋಲಾಗಿನ್‌ಗೆ ಬದಲಿಸಿದರು. ಲಾಗೌಟ್ ಆದ ಮೇಲೂ ಉಳಿಯುವಂಥ ಹಳೆಯ ಟಿಮಕ್ಸ್ ಸೆಷನ್ ಒಂದು ಇನ್ನೂ ಓಡುತ್ತಲೇ ಇತ್ತು. ಅವಧಿ ಮುಗಿಸುವುದರಿಂದ ಈಗಾಗಲೇ ಓಡುತ್ತಿರುವ ಪ್ರಕ್ರಿಯೆ ನಿಲ್ಲುವುದಿಲ್ಲ. ಅದರಲ್ಲಿ ಏನು ನಡೆಯುತ್ತಿದೆ ಎಂದು ನೋಡಿಕೊಂಡು, ಲಾಗಿನ್‌ಸಿಟಿಎಲ್ ಮೂಲಕ ಆ ಖಾತೆಯ ಪ್ರಕ್ರಿಯೆಗಳನ್ನೆಲ್ಲ ನಿಲ್ಲಿಸಲಾಯಿತು.

ಮರುದಿನ ಬೆಳಿಗ್ಗೆ ರಾತ್ರಿಯ ವರದಿ ಬರಲಿಲ್ಲ.

ಇಡೀ ತಂಡ ನೋಡುವ ವರದಿ ಅದು. ಯಾವುದೋ ಸಾಮಾನ್ಯ ವ್ಯವಸ್ಥೆಯಿಂದ ಬರುತ್ತಿದೆ ಎಂದೇ ಎಲ್ಲರ ಭಾವನೆ. ಲಾಗ್ ತೆಗೆದು ನೋಡಿದರೆ ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನ ಸಾಲಿನಲ್ಲಿ 1011ರ ಹೆಸರು, ಅದರ ಪಕ್ಕದಲ್ಲಿ ಖಾತೆಯ ಅವಧಿ ಮುಗಿದಿದೆ ಎಂಬ ದೂರು. ಆ ವ್ಯಕ್ತಿ ತಂಡ ಬಿಟ್ಟ ಮೇಲೂ ಅವರ ಕ್ರಾನ್‌ಟ್ಯಾಬ್ (ಕ್ರಾನ್ ಓಡಿಸುವ ಕೆಲಸಗಳ ಪಟ್ಟಿ) ಪ್ರತಿ ರಾತ್ರಿ ಕೆಲಸ ಮಾಡುತ್ತಲೇ ಇತ್ತು.

ಬೀಗದ ಹಂತ ಇಲ್ಲದೆ ನೇರವಾಗಿ ಅಳಿಸಿದ್ದರೆ ಏನಾಗುತ್ತಿತ್ತು? ವರದಿ ಹೇಗೂ ನಿಲ್ಲುತ್ತಿತ್ತು. ಅದನ್ನು ತಯಾರಿಸುವ ಸ್ಕ್ರಿಪ್ಟ್ ಇದ್ದದ್ದು ಆ ಹೋಮ್ ಫೋಲ್ಡರ್‌ನ ಒಳಗೇ, ಅದೂ ಹೋಗುತ್ತಿತ್ತು. ಈಗ ಅವಧಿಯ ನಿರ್ಬಂಧವನ್ನು ತಾತ್ಕಾಲಿಕವಾಗಿ ತೆಗೆದರು. ಯಾವ ಎಸ್‌ಎಸ್‌ಎಚ್ ಕೀಗಳಿಗೆ ಪ್ರವೇಶವಿದೆ ಎಂದು ಹೇಳುವ ಕೀ ಪಟ್ಟಿಯ ಫೈಲನ್ನು ಮಾತ್ರ ಪಕ್ಕಕ್ಕೆ ಸರಿಸಿ, ಆ ರಾತ್ರಿಯ ವರದಿ ಬರುವಂತೆ ನೋಡಿಕೊಂಡರು. ಆಮೇಲೆ ಸ್ಕ್ರಿಪ್ಟನ್ನು ಯಾವ ವ್ಯಕ್ತಿಗೂ ಸೇರದ ಒಂದು ಸೇವಾ ಖಾತೆಗೆ ಸಾಗಿಸಿ, ಹಿನ್ನೆಲೆಯ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯಲ್ಲಿ ಟೈಮರ್ ಮಾಡಿದರು. ಹೊಸ ಜಾಗದಿಂದ ವರದಿ ಸರಿಯಾಗಿ ಬರತೊಡಗಿದ ಮೇಲೆ ಮತ್ತೆ ಬೀಗ ಬಿತ್ತು.

ವ್ಯಕ್ತಿ ಹೋದ ಮೇಲೂ ಅವರ ಹೆಸರು ಇನ್ನೆಲ್ಲಿ ಕೆಲಸ ಮಾಡುತ್ತಿದೆ ಎಂದು ಹುಡುಕುವ ಕೆಲಸ ಅಲ್ಲಿಂದ ಗಂಭೀರವಾಗಿ ಶುರುವಾಯಿತು. ಸಿಸ್ಟಮ್‌ಡಿ ಸೇವೆಗಳಲ್ಲಿ ಯೂಸರ್ ಎಂಬ ಸಾಲಿನಲ್ಲಿ ಆ ಹೆಸರಿದ್ದರೆ ಖಾತೆ ಹೋದ ದಿನ ಸೇವೆ 217 ಎಂಬ ದೋಷಸಂಖ್ಯೆಯೊಡನೆ ನಿಲ್ಲುತ್ತದೆ. ಅಂಥದ್ದು ಇರಲಿಲ್ಲ. ಯಾರು ರೂಟ್ ಆಗಿ, ಅಂದರೆ ಎಲ್ಲ ಹಕ್ಕೂ ಇರುವ ಮುಖ್ಯ ಖಾತೆಯಾಗಿ, ಕೆಲಸ ಮಾಡಬಹುದು ಎಂದು ಹೇಳುವ ಸುಡೋ ನಿಯಮಗಳ ಫೋಲ್ಡರ್‌ನಲ್ಲಿ ಮಾತ್ರ ಅವರ ಹೆಸರಿನ ಒಂದು ಫೈಲ್ ಇತ್ತು. ಆ ನಿಯಮ ನಂಬರನ್ನು ನೋಡುವುದಿಲ್ಲ, ಹೆಸರನ್ನು ನೋಡುತ್ತದೆ. ಮುಂದೆ ಅದೇ ಹೆಸರಿನ ಬೇರೊಬ್ಬರು ಬಂದರೆ ಸೇರಿದ ದಿನವೇ ಅವರಿಗೆ ರೂಟ್ ಅಧಿಕಾರ ಸಿಕ್ಕಿರುತ್ತಿತ್ತು. ಕ್ರಾನ್‌ಟ್ಯಾಬ್‌ನದೂ ಹೆಚ್ಚುಕಡಿಮೆ ಅದೇ ಸ್ವಭಾವ: ಖಾತೆ ಹೋಗಿ ಫೈಲ್ ಉಳಿದರೆ ಕ್ರಾನ್ ಅದನ್ನು ಅನಾಥ ಎಂದು ಲಾಗ್‌ನಲ್ಲಿ ಬರೆದು ಬಿಟ್ಟುಬಿಡುತ್ತದೆ, ಅದೇ ಹೆಸರು ಅದೇ ನಂಬರಿನೊಡನೆ ಮರಳಿದರೆ ಮತ್ತೆ ಓಡಿಸುತ್ತದೆ.

ಎಲ್ಲಕ್ಕಿಂತ ಚಿಂತೆಗೆ ಹಚ್ಚಿದ್ದು ಸೇವಾ ಖಾತೆಯ ಕೀ ಪಟ್ಟಿ. ಹಿಂದೆ ಅನುಕೂಲಕ್ಕೆಂದು ಹಲವರು ತಮ್ಮ ಸಾರ್ವಜನಿಕ ಕೀಯನ್ನು ಅಲ್ಲಿ ಸೇರಿಸಿದ್ದರು. 1011ಕ್ಕೆ ಎಷ್ಟೇ ಬೀಗ ಹಾಕಿದರೂ ಆ ವ್ಯಕ್ತಿ ಸೇವಾ ಖಾತೆಯಾಗಿ ಒಳಬರಬಹುದಿತ್ತು. ಕೀ ಸಾಲಿನ ಕೊನೆಯಲ್ಲಿರುವ ಹೆಸರನ್ನು ನಂಬುವಂತಿಲ್ಲ, ಅಲ್ಲಿ ಯಾರು ಏನು ಬೇಕಾದರೂ ಬರೆಯಬಹುದು. ಹಾಗಾಗಿ ಅವರ ಹೋಮ್ ಫೋಲ್ಡರ್‌ನಲ್ಲಿದ್ದ ಕೀಗಳ ಬೆರಳಚ್ಚನ್ನು ಎಸ್‌ಎಸ್‌ಎಚ್ ಕೀಜೆನ್‌ನಿಂದ ತೆಗೆದು, ಉಳಿದೆಲ್ಲ ಖಾತೆಗಳ ಕೀ ಪಟ್ಟಿಗಳ ಜೊತೆ ತಾಳೆ ನೋಡಲಾಯಿತು. ಹೊಂದಿದ್ದನ್ನು ತೆಗೆದರು.

ಹೋಮ್ ಫೋಲ್ಡರ್‌ನ ಒಳಗೆ ಇನ್ನೊಂದು ಡಿಸ್ಕ್

ಇನ್ನು ಫೋಲ್ಡರ್ ತೆಗೆಯುವ ಸರದಿ. ಎಷ್ಟು ಜಾಗ ಸಿಗುತ್ತದೆ ಎಂದು ತಿಳಿಯಲು ಡಿಯು ಓಡಿಸಿದಾಗ 900 ಜಿಬಿ ಎಂದಿತು. ಅಷ್ಟು ದೊಡ್ಡದು ಹೇಗೆ ಎಂದು ಅನುಮಾನ ಬಂದು, ಒಂದೇ ಫೈಲ್‌ಸಿಸ್ಟಮ್‌ನೊಳಗೆ ಉಳಿಯುವ ಎಕ್ಸ್ ಆಯ್ಕೆ ಕೊಟ್ಟು ಮತ್ತೆ ಓಡಿಸಿದರು. ಈ ಸಲ 70 ಜಿಬಿ.

ಮಿಕ್ಕ 830 ಜಿಬಿ ಆ ವ್ಯಕ್ತಿಯದಲ್ಲ, ಇಡೀ ತಂಡದ್ದು. ದಾರಿ ಚಿಕ್ಕದಾಗಲಿ ಎಂದು ಬೇರೆ ಡಿಸ್ಕಿನಲ್ಲಿದ್ದ ಹಂಚಿಕೆಯ ಡೇಟಾ ಫೋಲ್ಡರನ್ನು ಯಾರೋ ಅವರ ಹೋಮ್‌ನ ಒಳಗೆ ಬೈಂಡ್ ಮೌಂಟ್ ಮಾಡಿಕೊಟ್ಟಿದ್ದರು, ಅಂದರೆ ಅದೇ ಫೋಲ್ಡರ್ ಇಲ್ಲಿಯೂ ಕಾಣುವಂತೆ ಜೋಡಿಸಿದ್ದರು. ಸರ್ವರ್ ಶುರುವಾದಾಗ ಏನೇನು ಮೌಂಟ್ ಆಗಬೇಕು ಎಂದು ಬರೆದಿಡುವ ಎಫ್‌ಸ್ಟ್ಯಾಬ್‌ನಲ್ಲಿ ಅದರ ಸಾಲು ಇತ್ತು. ಸಿಂಬಾಲಿಕ್ ಲಿಂಕ್ ಆಗಿದ್ದರೆ ಭಯವಿರಲಿಲ್ಲ, ಆರ್‌ಎಂ ಲಿಂಕನ್ನಷ್ಟೇ ಅಳಿಸುತ್ತದೆ, ಅದು ತೋರಿಸುವ ಜಾಗಕ್ಕೆ ಹೋಗುವುದಿಲ್ಲ. ಮೌಂಟ್ ಹಾಗಲ್ಲ. ಅಳಿಸುವ ಕಮಾಂಡಿನ ಕಣ್ಣಿಗೆ ಅದು ಮಾಮೂಲಿ ಫೋಲ್ಡರ್. ಆರ್‌ಎಂ ಒಳಹೊಕ್ಕು ಎಲ್ಲವನ್ನೂ ಅಳಿಸಿ, ಕೊನೆಗೆ ಮೌಂಟ್ ಆಗಿರುವ ಖಾಲಿ ಫೋಲ್ಡರನ್ನು ತೆಗೆಯಲಾಗದೆ ದೂರು ಹೇಳುತ್ತದೆ. ಹೋಮ್ ಸಮೇತ ಖಾತೆ ತೆಗೆಯುವ ಯೂಸರ್‌ಡೆಲ್‌ನ ಕೈಪಿಡಿಯಲ್ಲೂ ಮೌಂಟ್ ಕಂಡರೆ ನಿಲ್ಲುತ್ತೇನೆ ಎಂಬ ಮಾತಿಲ್ಲ.

ಇಲ್ಲಿ ಡಿಯುನ ಎರಡು ಅಂಕಿಗಳ ಅಂತರ ಕಾಪಾಡಿತು. ಹಾಗೆಂದು ಪ್ರತಿ ಸಲ ಅದು ಕಾಪಾಡುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಒಂದೇ ಫೈಲ್‌ಸಿಸ್ಟಮ್‌ನ ಒಂದು ಫೋಲ್ಡರನ್ನು ಅದೇ ಫೈಲ್‌ಸಿಸ್ಟಮ್‌ನ ಇನ್ನೊಂದು ಕಡೆ ಬೈಂಡ್ ಮಾಡಿದ್ದರೆ ಎರಡೂ ಕಡೆ ಡಿವೈಸ್ ನಂಬರು ಒಂದೇ. ಆಗ ಡಿಯುನ ಎಕ್ಸ್ ಆಯ್ಕೆಗೂ ಅದು ಗೊತ್ತಾಗುವುದಿಲ್ಲ, ಆರ್‌ಎಂನ ಒಂದೇ ಫೈಲ್‌ಸಿಸ್ಟಮ್ ಎಂಬ ಆಯ್ಕೆಗೂ ಗೊತ್ತಾಗುವುದಿಲ್ಲ. ಸದ್ಯದ ಮೌಂಟ್‌ಗಳ ಪಟ್ಟಿ ತೆಗೆದು, ಆ ಹೋಮ್ ಫೋಲ್ಡರ್‌ನ ದಾರಿ ಅದರಲ್ಲಿ ಎಲ್ಲಿಯಾದರೂ ಬರುತ್ತದೆಯೇ ಎಂದು ಕಣ್ಣಾರೆ ನೋಡುವುದೊಂದೇ ನಂಬುವ ದಾರಿ.

ಮೌಂಟ್ ಬಿಚ್ಚಿ, ಎಫ್‌ಸ್ಟ್ಯಾಬ್‌ನ ಸಾಲನ್ನೂ ತೆಗೆದರು. ಮುಂದಿನ ರೀಬೂಟ್‌ನಲ್ಲಿ ಅದು ಮತ್ತೆ ಬಂದು ಕೂರಬಾರದು.

ಖಾತೆಗೆ ಸೇರಿದ ಎಲ್ಲ ಫೈಲ್‌ಗಳನ್ನು ಸರ್ವರ್ ತುಂಬ ಹುಡುಕಿ ತೆಗೆಯುವ ಆಯ್ಕೆ ಡೆಲ್‌ಯೂಸರ್‌ನಲ್ಲಿದೆ, ಅದನ್ನೇ ಬಳಸಿದರೆ ಅನಾಥ ಫೈಲ್‌ಗಳ ಪ್ರಶ್ನೆಯೇ ಬರುವುದಿಲ್ಲವಲ್ಲ ಎಂದು ತಂಡದ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಹಂಚಿಕೆಯ ಫೋಲ್ಡರ್‌ನಲ್ಲಿ 1011ರ ಹೆಸರಲ್ಲಿದ್ದ ಫೈಲ್‌ಗಳೆಂದರೆ ತಂಡದ ಚಾಲ್ತಿಯ ಡೇಟಾ. ಅವನ್ನು ಮೊದಲು ಸೇವಾ ಖಾತೆಗೆ ವರ್ಗಾಯಿಸಬೇಕು. ಚೌನ್‌ಗೆ ಇಂಥ ಮಾಲೀಕನಿಂದ ಎಂಬ ಷರತ್ತು ಕೊಡಬಹುದು, ಆಗ 1011ರವು ಮಾತ್ರ ಬದಲಾಗುತ್ತವೆ, ಪಕ್ಕದವರ ಫೈಲ್‌ಗಳು ಇದ್ದಂತೆ ಇರುತ್ತವೆ. ಎಸಿಎಲ್‌ಗಳನ್ನೂ, ಅಂದರೆ ಫೈಲಿನ ಮೇಲೆ ಬೇರೆಯವರಿಗೆ ಪ್ರತ್ಯೇಕವಾಗಿ ಕೊಟ್ಟ ಅನುಮತಿಗಳನ್ನೂ, ನೋಡಬೇಕಾಯಿತು. ಮಾಲೀಕ ಬೇರೆಯಾಗಿದ್ದರೂ ಫೈಲಿನ ಹೆಚ್ಚುವರಿ ಅನುಮತಿಯಲ್ಲಿ 1011 ಇರಬಹುದು. ಯುಐಡಿ ಹಿಡಿದು ಹುಡುಕುವ ಫೈಂಡ್‌ಗೆ ಅದು ಕಾಣುವುದಿಲ್ಲ, ಗೆಟ್‌ಫ್ಯಾಕಲ್‌ಗೆ ಮಾತ್ರ ಕಾಣುತ್ತದೆ. ಕೆಲವು ಫೋಲ್ಡರ್‌ಗಳಲ್ಲಿ ಹಾಗೆ ಇತ್ತು, ತೆಗೆದರು.

ಆರ್ಕೈವ್, ಆಮೇಲೆ ಅಳಿಸುವಿಕೆ

ಹೋಮ್ ಫೋಲ್ಡರನ್ನು ರೂಟ್ ಆಗಿ ಟಾರ್ ಮಾಡಿದರು, ಅಂದರೆ ಒಂದೇ ಆರ್ಕೈವ್ ಫೈಲಾಗಿ ಕಟ್ಟಿದರು, ಅನುಮತಿ ಮತ್ತು ಎಸಿಎಲ್‌ಗಳ ಸಮೇತ. ಟಾರ್ ಮುಗಿಯಿತು ಎಂದು ಕಮಾಂಡ್ ಹೇಳಿದ್ದಕ್ಕೇ ಸಮಾಧಾನಪಡದೆ, ಟಾರ್‌ನ ಡಿಫ್ ಆಯ್ಕೆಯಿಂದ ಆರ್ಕೈವನ್ನೂ ಡಿಸ್ಕಿನ ಮೇಲಿದ್ದದ್ದನ್ನೂ ಹೋಲಿಸಿದರು. ಕೆಲವು ಫೈಲ್‌ಗಳನ್ನು ಬೇರೆ ಕಡೆ ಬಿಚ್ಚಿ ತೆರೆದೂ ನೋಡಿದರು. ಆಮೇಲೆ ಹೋಮ್ ಫೋಲ್ಡರನ್ನು ಅಳಿಸದೆ, ರೂಟ್ ಮಾತ್ರ ಒಳಹೋಗಬಲ್ಲ ಒಂದು ಫೋಲ್ಡರ್‌ಗೆ ಸರಿಸಿದರು. ಅದೇ ಫೈಲ್‌ಸಿಸ್ಟಮ್‌ನಲ್ಲಿ ಸರಿಸುವುದೆಂದರೆ ಹೆಸರು ಬದಲಾದಂತಷ್ಟೇ. ಏನಾದರೂ ಮುರಿದರೆ ಕ್ಷಣದಲ್ಲಿ ಹಿಂದಕ್ಕೆ ತರಬಹುದು. ಜಾಗ ಮಾತ್ರ ಇನ್ನೂ ಸಿಗುವುದಿಲ್ಲ. ಡಿಸ್ಕ್ ತುಂಬುತ್ತಿರುವಾಗ ಹೀಗೆ ಕಾಯುವುದಕ್ಕೆ ಗಟ್ಟಿ ಮನಸ್ಸು ಬೇಕು. ನಿರ್ವಾಹಕಿ ತಿಂಗಳ ಕೊನೆಯ ಕೆಲಸಗಳೆಲ್ಲ ಒಮ್ಮೆ ಓಡಿ ಮುಗಿಯುವವರೆಗೆ ಕಾದರು. ತಿಂಗಳಿಗೊಮ್ಮೆ ಓಡುವ ಕೆಲಸ ಮುರಿದಿದೆಯೇ ಎಂಬುದು ವಾರದಲ್ಲಿ ಗೊತ್ತಾಗುವುದಿಲ್ಲ, ಅವರ ವಾದ ಸರಿಯಾಗಿತ್ತು.

ಯಾರೂ ಏನನ್ನೂ ಕೇಳಲಿಲ್ಲ. ಮೌಂಟ್ ಪಟ್ಟಿಯನ್ನು ಇನ್ನೊಮ್ಮೆ ನೋಡಿ, ಒಂದೇ ಫೈಲ್‌ಸಿಸ್ಟಮ್ ಎಂಬ ಆಯ್ಕೆಯೊಡನೆ ಆ ಫೋಲ್ಡರನ್ನು ಅಳಿಸಿದರು.

ಖಾತೆಯ ಸಾಲನ್ನು ಮಾತ್ರ ಪಾಸ್‌ವರ್ಡ್ ಫೈಲಿನಿಂದ ತೆಗೆಯಲಿಲ್ಲ. ಇದು ಈ ಪ್ರಕರಣದ ಅತಿ ಚರ್ಚೆಯಾದ ತೀರ್ಮಾನ. ಬಳಕೆಯಲ್ಲಿಲ್ಲದ ಸಾಲುಗಳನ್ನು ಇಟ್ಟುಕೊಳ್ಳುವುದು ಕೊಳಕು ಎಂದು ಕೆಲವರಿಗೆ ಅನ್ನಿಸಿತು. ನನ್ನ ಮಟ್ಟಿಗೆ, ಹಳೆಯ ಬ್ಯಾಕಪ್‌ಗಳು ಇರುವವರೆಗೆ ಆ ಸಾಲೇ ರಕ್ಷಣೆ. ರೂಟ್ ಆಗಿ ಟಾರ್ ಬಿಚ್ಚಿದಾಗ ಅದು ಮೊದಲು ಹೆಸರನ್ನು ಹೊಂದಿಸಲು ನೋಡುತ್ತದೆ, ಆ ಹೆಸರಿನವರು ಇಲ್ಲದಿದ್ದರೆ ನಂಬರನ್ನು ಹಾಕುತ್ತದೆ. ಆ ಹೊತ್ತಿಗೆ ಹೆಸರಾಗಲಿ ನಂಬರಾಗಲಿ ಬೇರೊಬ್ಬರ ಪಾಲಾಗಿದ್ದರೆ ಹಳೆಯ ಫೈಲ್‌ಗಳು ಅವರ ಕೈಗೆ ಹೋಗುತ್ತವೆ. ಸಾಲು ಉಳಿದಿದ್ದರೆ ಎರಡೂ ಬೇರೆಯವರಿಗೆ ಸಿಗುವುದಿಲ್ಲ. ಹಾಗಾಗಿ 1011ರ ಸಾಲು ಅವಧಿ ಮುಗಿದು, ನೋಲಾಗಿನ್ ಶೆಲ್‌ನೊಂದಿಗೆ, ಇಲ್ಲದ ಹೋಮ್ ಫೋಲ್ಡರನ್ನು ತೋರಿಸುತ್ತಾ ಉಳಿದಿದೆ. 1004ಕ್ಕೂ ನಿವೃತ್ತ ಎಂದು ಸೂಚಿಸುವ ಹೆಸರಿನಲ್ಲಿ ಅಂಥದ್ದೇ ಸಾಲು ಸೇರಿಸಿದ್ದಾರೆ. ಆ್ಯಡ್‌ಯೂಸರ್‌ಗೆ ಅದು ಇನ್ನು ಖಾಲಿ ನಂಬರಾಗಿ ಕಾಣುವುದಿಲ್ಲ.

ಎಲ್ಲ ಮುಗಿದ ಮೇಲೆ ಒಡೆಯರಿಲ್ಲದ ಫೈಲ್‌ಗಳನ್ನು ತೋರಿಸುವ ಫೈಂಡ್‌ನ ನೋಯೂಸರ್ ಆಯ್ಕೆಯನ್ನು ಪ್ರತಿ ಫೈಲ್‌ಸಿಸ್ಟಮ್ ಮೇಲೂ ಓಡಿಸಿದರು. ನಾಲ್ವರಲ್ಲಿ ಮತ್ತೊಬ್ಬರ ಹೋಮ್‌ನಲ್ಲಿ ಒಂದು ಲಕ್ಷಕ್ಕಿಂತ ದೊಡ್ಡ ನಂಬರಿನ ಫೈಲ್‌ಗಳ ಗುಂಪು ಕಂಡಿತು. ರೂಟ್ ಅಧಿಕಾರವಿಲ್ಲದೆ ಓಡಿಸಿದ ಪಾಡ್‌ಮ್ಯಾನ್ ಕಂಟೇನರ್‌ಗಳ, ಅಂದರೆ ಪ್ರೋಗ್ರಾಮ್‌ಗಳನ್ನು ಪ್ರತ್ಯೇಕವಾಗಿ ಓಡಿಸುವ ಡಬ್ಬಿಗಳ, ಫೈಲ್ ಪದರಗಳು ಅವು. ಅಂಥ ಕಂಟೇನರ್‌ನ ಒಳಗಿನ ಬಳಕೆದಾರರಿಗೆ ಸಬ್‌ಯುಐಡಿ ಫೈಲಿನಲ್ಲಿ ಕಾದಿರಿಸಿದ ದೊಡ್ಡ ನಂಬರುಗಳು ಹೊರಗೆ ಬೀಳುತ್ತವೆ, ಖಾತೆಯ ಸ್ವಂತ ಯುಐಡಿ ಹಿಡಿದು ಹುಡುಕಿದರೆ ಅವು ತಪ್ಪಿಸಿಕೊಳ್ಳುತ್ತವೆ.

ಕೆಲ ವಾರಗಳ ನಂತರ 1011ರ ಹಳೆಯ ಒಂದು ಸ್ಕ್ರಿಪ್ಟ್ ಬೇಕೆಂದು ಒಬ್ಬರು ಕೇಳಿದರು. ಆರ್ಕೈವ್‌ನಿಂದ ಆ ಒಂದನ್ನೇ, ಹಳೆಯ ಮಾಲೀಕತ್ವ ಬೇಡ ಎಂಬ ಆಯ್ಕೆ ಕೊಟ್ಟು ಬಿಚ್ಚಿ, ಕೇಳಿದವರ ಹೆಸರಿಗೆ ಮಾಡಿ ಕೊಟ್ಟರು. ಕಂಟೇನರ್ ಪದರಗಳಿರುವ ಖಾತೆಗೆ ಬೀಗ ಬಿದ್ದಿದೆ, ಹೋಮ್ ಫೋಲ್ಡರ್ ಇನ್ನೂ ಡಿಸ್ಕಿನಲ್ಲೇ ಇದೆ. ಅದರೊಳಗಿನ ಡೇಟಾಕ್ಕೆ ಇನ್ನು ಮುಂದೆ ಯಾರು ಜವಾಬ್ದಾರರು ಎಂದು ತಂಡದ ಮುಖ್ಯಸ್ಥರು ಲಿಖಿತವಾಗಿ ಹೇಳುವವರೆಗೆ ಅದನ್ನು ಅಳಿಸುವುದಿಲ್ಲ ಎಂದು ನಿರ್ವಾಹಕಿ ತಮ್ಮ ಪಟ್ಟಿಯಲ್ಲಿ ಬರೆದಿಟ್ಟಿದ್ದಾರೆ.